ಇಳಿಜಾರಿನಲ್ಲಿ ಬೆವರುವ ಕಾಕಾ

ಸೈಕಲ್ ತುಳಿದು ಏರು ಏರುವಾಗ ಬೆವರುವವರು ನಮ್ಮ ಬೀದರ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಇಳಿಜಾರಿನಲ್ಲಿ ಬೆವರುವ ಮನುಷ್ಯ ಮಾತ್ರ ಒಬ್ಬನೇ. ಆ ಮಹಾನುಭಾವ ನಮ್ಮ ಕಾಕಾ, ನಮ್ಮ ಅಪ್ಪನ ಖಾಸಾ ತಮ್ಮ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದ ಹೇಳುತ್ತಿದ್ದೇನೋ ನನಗೇ ಗೊತ್ತಿಲ್ಲ. ಓದಿ ಮುಗಿಸಿದ ಮೇಲೆ ನೀವೇ ತೀರ್ಮಾನ ಮಾಡಿ.

ಲೋಕದ ಸೈಕಲ್ಲುಗಳಿಗೆಲ್ಲ ಈಗ ಒಂದು ಸೌಕರ್ಯವಿದೆ. ತುಳಿಯುವುದನ್ನು ನಿಲ್ಲಿಸಿದರೂ ಗಾಲಿ ತನ್ನ ಪಾಡಿಗೆ ತಾನು ತಿರುಗುತ್ತದೆ. ಸವಾರ ಕಾಲು ಸುಮ್ಮನಿಟ್ಟು, ಮೀಸೆ ತೀಡುತ್ತ, ಬೇಕಾದರೆ ಎರಡು ಸಾಲು ಹಾಡಿಕೊಳ್ಳುತ್ತ ಇಳಿಜಾರು ಇಳಿಯಬಹುದು. ಹಿಂದಿನ ಗಾಲಿಯ ಗೇರಿನೊಳಗೆ ಅದಕ್ಕೆಂದೇ ಒಂದು ಕೀಲಿರುತ್ತದೆ, ಟಿಕ್ ಟಿಕ್ ಎನ್ನುತ್ತದೆ. ಅಂಥ ಗೇರಿಗೆ ಫ್ರೀವೀಲು ಎಂದು ಹೆಸರು. ಕಾಕಾ ಅದನ್ನು ಕರೆಯುವುದು ಫುಕಟ್‌ವೀಲು ಎಂದು. ಅವನ ಸೈಕಲ್ಲಿಗೆ ಇದ್ದದ್ದು ಹಳೆಯ ಕಾಲದ ಗಟ್ಟಿ ಗೇರು: ಒಂದೇ ಉಕ್ಕಿನ ಬಿಲ್ಲೆ, ಸುತ್ತ ಹದಿನೆಂಟು ಹಲ್ಲು, ಒಳಗೆ ಕೀಲೂ ಇಲ್ಲ, ಕರುಣೆಯೂ ಇಲ್ಲ. ಗಾಲಿ ತಿರುಗುವಷ್ಟು ಹೊತ್ತು ಪೆಡಲು ತಿರುಗಲೇಬೇಕು, ಪೆಡಲು ತಿರುಗುವಷ್ಟು ಹೊತ್ತು ಕಾಲು ತಿರುಗಲೇಬೇಕು. ಬ್ರೇಕು ಇಲ್ಲ. ನಿಧಾನ ಮಾಡಬೇಕೆಂದರೆ ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕು. ಏರಿನಲ್ಲಿ ಕಾಕಾ ಗಾಲಿಯನ್ನು ಓಡಿಸುತ್ತಿದ್ದ, ಇಳಿಜಾರಿನಲ್ಲಿ ಗಾಲಿ ಕಾಕಾನನ್ನು ಓಡಿಸುತ್ತಿತ್ತು.

ಆ ದೃಶ್ಯವನ್ನು ನೋಡಿಯೇ ನಂಬಬೇಕು. ತಲೆಯ ಮೇಲೆ ಅಲುಗದ ರುಮಾಲು. ಮುಖದಲ್ಲಿ ಅಮೀರರ ಮನೆಯ ಮದುವೆಗೆ ಹೊರಟವನ ಗಾಂಭೀರ್ಯ. ಕೆಳಗೆ ಮಾತ್ರ ಎರಡು ಕಾಲುಗಳು ಹಿಟ್ಟಿನ ಗಿರಣಿಯ ಪಟ್ಟಿಯಂತೆ ಗಿರಗಿರ. ಸೊಂಟದ ಮೇಲೆ ದರಬಾರು, ಸೊಂಟದ ಕೆಳಗೆ ದಂಗೆ.

ನಮ್ಮ ಕಲ್ಯಾಣದ ಸಾಹುಕಾರರ ಮಗನೊಬ್ಬ ಹೊಸ ಸೈಕಲ್ಲು ಕೊಂಡ ಹುರುಪಿನಲ್ಲಿ ಒಮ್ಮೆ ಕಾಕಾನ ಪಕ್ಕದಲ್ಲೇ ಇಳಿಜಾರು ಇಳಿಯುತ್ತಿದ್ದ. ಕಾಲು ಆಡಿಸದೆ, ಟಿಕ್ ಟಿಕ್ ಎನ್ನಿಸುತ್ತ.

"ಕಾಕಾ, ಇಳಿಜಾರಿನ್ಯಾಗರ ಜರಾ ಆರಾಮ ಮಾಡ್ರಿ. ಒಂದು ಫ್ರೀವೀಲ್ ಹಾಕಿಸ್ರಿ."

"ನಿನ್ನ ಗಾಡಿ ಟಿಕ್ ಟಿಕ್ ಅನ್ನಾಕತ್ತದಲ್ಲ, ಅದು ಏನು ಮಾಡಾಕತ್ತದ ಗೊತ್ತದೇನು?"

"ಏನ್ರಿ?"

"ನೀ ಫುಕಟ್ ಹೋದ ಒಂದೊಂದು ಮೊಳಾನೂ ಎಣಿಸಾಕತ್ತದ. ಮ್ಯಾಲ ಹೋದಾಗ ಓದಿ ಹೇಳ್ತಾರ. ಕಾಯಕದ ಊರಾಗ ಹುಟ್ಟಿ ದುಡೀಲಾರದ ಮುಂದ ಹೋಗ್ತೀ? ನಾಚಿಕಿ ಬರಂಗಿಲ್ಲ?"

ಬಡಪಾಯಿ ಹುಡುಗ. ಅಂದಿನಿಂದ ಕಾಕಾ ಎದುರಿಗೆ ಬಂದರೆ ಅವನು ಇಳಿಜಾರಿನಲ್ಲೂ ಸುಮ್ಮಸುಮ್ಮನೆ ಪೆಡಲು ತಿರುಗಿಸುತ್ತಿದ್ದ. ಹಿರಿಯರನ್ನು ಕಂಡು ಬೀಡಿ ಮುಚ್ಚಿಡುತ್ತಾರಲ್ಲ, ಹಾಗೆ.

ಇಂಥ ಕಾಕಾನ ಉದ್ಯೋಗವೇನೆಂದು ಕೇಳುತ್ತೀರಾ? ಗೋಡೆ ಗಡಿಯಾರಗಳಿಗೆ ಚಾವಿ ಕೊಡುವುದು. ರಿಪೇರಿ ಅಲ್ಲ, ಬರೀ ಚಾವಿ. ಕಲ್ಯಾಣದಲ್ಲಿ ಮೂರು, ಮಂಠಾಳದಲ್ಲಿ ಒಂದು, ಘಾಟಬೋರಾಳದಲ್ಲಿ ಎರಡು, ಹುಮನಾಬಾದಿನಲ್ಲಿ ನಾಲ್ಕು, ಆಚೆ ಕೊಡಂಬಲದಲ್ಲಿ ಒಂದು. ಒಟ್ಟು ಹನ್ನೊಂದು ಗಡಿಯಾರಗಳು ಅವನ ಕೈಕೆಳಗಿದ್ದವು. ಒಮ್ಮೆ ಚಾವಿ ಕೊಟ್ಟರೆ ಎಂಟು ದಿನ ನಡೆಯುವಂಥವು. ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಅಂಗಡಿಯ ಗಡಿಯಾರದಿಂದ ಶುರು ಮಾಡಿ, ಮಂಗಳವಾರ ಸಂಜೆಯೊಳಗೆ ಹನ್ನೊಂದನ್ನೂ ಮುಗಿಸಿ ಬರುತ್ತಿದ್ದ. ಚಾವಿಗಳನ್ನೆಲ್ಲ ಕರಿದಾರದಲ್ಲಿ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡಿದ್ದ. ಗಡಿಯಾರ ಅವರದು, ಗೋಡೆ ಅವರದು, ಚಾವಿ ಮಾತ್ರ ಕಾಕಾನದು. ಮನೆಯವರೇ ಚಾವಿ ಕೊಟ್ಟುಕೊಂಡರಾಗದೇ ಎಂದು ನಿಮಗನ್ನಿಸುತ್ತದೆ. ಅವರಿಗೂ ಅನ್ನಿಸುತ್ತಿತ್ತು. ಆದರೆ ಗಡಿಯಾರ ಕೈಗುರುತು ಹಿಡಿಯುತ್ತದೆ, ಹಾಲು ಕರೆಯುವವಳ ಕೈಯನ್ನು ಆಕಳು ಹಿಡಿದಂತೆ ಎಂದು ಕಾಕಾ ಊರೂರಿಗೆ ನಂಬಿಸಿಬಿಟ್ಟಿದ್ದ.

ನಂಬದವರು ಘಾಟಬೋರಾಳದ ಗೌಡರೊಬ್ಬರೇ. ಒಂದು ಮಂಗಳವಾರ ಕಾಕಾ ಅರ್ಧ ದಿನ ತಡವಾದದ್ದೇ ನೆಪ, ಕಮ್ಮಾರನಿಂದ ಚಾವಿ ಮಾಡಿಸಿ ತಾವೇ ತಿರುಗಿಸಿದರು. ಗಂಟೆ ಹೊಡೆಯುವ ಕಡೆಯ ಸುರುಳಿಯನ್ನು ಏನು ಮಾಡಿದರೋ, ಗಡಿಯಾರ ಬಿಡದೆ ನಲವತ್ತೊಂದು ಸಲ ಬಾರಿಸಿತು. ಅರ್ಧ ಊರು ಬೆಂಕಿ ಬಿದ್ದಿದೆಯೆಂದು ಕೊಡ ಹಿಡಿದು ಬಂತು, ಇನ್ನರ್ಧ ಊರು ಸರ್ಕಾರ ಮತ್ತೊಮ್ಮೆ ಬದಲಾಯಿತೆಂದು ಬಾಗಿಲು ಹಾಕಿಕೊಂಡಿತು. ಅಷ್ಟರಲ್ಲಿ ಕಾಕಾ ತಲುಪಿದ. ಗಡಿಯಾರದ ಎದೆಗೆ ಕಿವಿಯಿಟ್ಟು ಕೇಳಿದ.

"ಗೌಡ್ರ, ಇದಕ್ಕ ಯಾರೋ ಹೊರಗಿನವರು ಕೈ ಹಚ್ಯಾರ. ಅಂಜ್ಯದ."

ಗೌಡರು ಆಳುಕಾಳುಗಳ ಮುಂದೆಯೇ ಗಡಿಯಾರಕ್ಕೆ ಕೈಮುಗಿದರಂತೆ. ಕಾಕಾ ಹೇಳಿದ್ದು, ಅರ್ಧ ಕಳೆದು ನಂಬಿ.

ಇನ್ನು ನನ್ನ ವಿಷಯ. ನಾನು ಮ್ಯಾಟ್ರಿಕ್ಕಿನಲ್ಲಿ ಎರಡು ಸಲ ನಪಾಸಾಗಿ ಅಪ್ಪನ ಕಾಳಿನ ಅಂಗಡಿಯಲ್ಲಿ ಆಕಳಿಸುತ್ತ ಕೂತಿರುವ ಇಪ್ಪತ್ತು ವರ್ಷದ ಗಂಡಸು. ದೇವರು ಬುದ್ಧಿ ಕೊಡುವಾಗ ಕೈ ಬಿಗಿ ಹಿಡಿದಿದ್ದಾನೆ, ಅದರ ಬದಲಿಗೆ ಬೇರೆಯವರ ನಡೆ ನುಡಿ ಕದಿಯುವ ಕಲೆ ಕೊಟ್ಟಿದ್ದಾನೆ. ತಹಸೀಲ್ದಾರರು ಪಾನಿನ ಪೀಕು ಉಗುಳುವ ಮೊದಲು ಹುಬ್ಬು ಏರಿಸುವುದು, ಅಪ್ಪ ತಕ್ಕಡಿಯ ಮುಳ್ಳಿನೊಂದಿಗೆ ತಾನೂ ವಾಲುವುದು, ಫಲಿತಾಂಶದ ಹಲಗೆಯಲ್ಲಿ ನಾನೇ ನನ್ನ ನಂಬರು ಹುಡುಕಿದ್ದು, ಎಲ್ಲ ಮಾಡಿ ತೋರಿಸುತ್ತೇನೆ. ಆದರೆ ಜನ ಹೊಟ್ಟೆ ಹಿಡಿದು ನಗುತ್ತಿದ್ದದ್ದು ಕಾಕಾನ ಇಳಿಜಾರಿಗೆ. ಬುಟ್ಟಿ ಬೋರಲು ಹಾಕಿ ಕೂತು, ಮುಖ ಗಂಭೀರ ಮಾಡಿ, ಎರಡೂ ಕಾಲು ಗಿರಗಿರ ತಿರುಗಿಸುತ್ತಿದ್ದೆ. ಒಮ್ಮೆ ಸ್ವತಃ ಕಾಕಾ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದ. ನಾನು ಬುಟ್ಟಿಯಿಂದ ಎದ್ದು ನಿಂತೆ.

"ಮುಖ ಬರೋಬರ್ ಅದ," ಎಂದ. "ಕಾಲು ತಪ್ಪಾಕತ್ತಾವ."

ಕಾಕಾನ ನಡಿಗೆಯನ್ನೂ ಮಾಡುತ್ತಿದ್ದೆನೆಂದು ಒಪ್ಪಿಕೊಂಡುಬಿಡುತ್ತೇನೆ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವನ ಎಡಗಾಲನ್ನು ಸೊರಗಿಸಿ ಹೋಗಿತ್ತು. ಅದನ್ನು ಎಳೆದು ಹಾಕುತ್ತಿದ್ದ. ಜ್ವರದ ಕಥೆ ಅಪ್ಪ ಹೇಳಿದ್ದು. ಕಾಕಾನನ್ನು ಕೇಳಿದರೆ ಮಂಠಾಳದಲ್ಲಿ ತೋಳ ಕಚ್ಚಿತು ಎನ್ನುತ್ತಿದ್ದ, ಕೊಡಂಬಲದಲ್ಲಿ ಕುದುರೆಯಿಂದ ಬಿದ್ದೆ ಎನ್ನುತ್ತಿದ್ದ. ನನಗೆ ಹೇಳಿದ್ದು ಬೇರೆ: "ಹುಟ್ಟುವಾಗ ಭಾಳ ಅವಸರದಾಗ ಇದ್ದೆ. ಒಂದು ಕಾಲು ಹಿಂದ ಉಳೀತು."

ಕಥೆ ಶುರುವಾಗುವುದು ಹೋದ ವರ್ಷದ ಒಂದು ಬುಧವಾರ. ಪಕ್ಕದ ಮನೆಯ ಎಮ್ಮೆ ಅಂಗಳದಲ್ಲಿ ಒರಗಿಸಿಟ್ಟಿದ್ದ ಕಾಕಾನ ಸೈಕಲ್ಲಿಗೆ ಬೆನ್ನು ತಿಕ್ಕಿತು. ಸೈಕಲ್ಲು ಬಿತ್ತು. ಎಮ್ಮೆ ಯೋಚಿಸಿ ನೋಡಿ ಅದರ ಮೇಲೆಯೇ ಕೂತಿತು. ಎಬ್ಬಿಸುವ ಹೊತ್ತಿಗೆ ಹಿಂದಿನ ಗಾಲಿ ಕರಿದ ಹಪ್ಪಳವಾಗಿತ್ತು. ಕಡ್ಡಿಗಳು ನಾಲ್ಕು ದಿಕ್ಕಿಗೆ ಕೈ ತೋರಿಸುತ್ತಿದ್ದವು, ಅವೆಲ್ಲ ಸೇರುವ ನಡುವಿನ ತುಂಬು ಸೀಳಿತ್ತು. ಗಟ್ಟಿ ಗೇರು ಮಾತ್ರ ಹದಿನೆಂಟೂ ಹಲ್ಲು ಬಿಟ್ಟುಕೊಂಡು ಹಾಗೇ ಇತ್ತು.

ಅಪ್ಪ ಇದೇ ಗಳಿಗೆಗಾಗಿ ವರ್ಷಗಳಿಂದ ಕಾಯುತ್ತಿದ್ದನೇನೋ. ಅಂಗಡಿಯಿಂದ ಎದ್ದು ಬಂದು ಗಾಲಿ ನೋಡಿ, ಕಾಕಾನ ಮುಖ ನೋಡಿ ಹೇಳಿದ:

"ಸಾಕಿನ್ನು. ನಾಳಿಂದ ಅಂಗಡಿ ಗಾದಿ ಮ್ಯಾಲ ಬಂದು ಕೂಡು. ನೆರಳದ, ತಕ್ಕಡಿ ಅದ, ಬಿಸಿ ಊಟ ಅದ. ಈ ವಯಸ್ಸಿನ್ಯಾಗ ಊರೂರು ತಿರುಗಿ ಯಾರ ಮುಂದ ಏನು ಸಾಧಿಸೋದದ?"

"ಗಾದಿ ಮ್ಯಾಲ ನೀ ಕೂತೀದಿ," ಎಂದ ಕಾಕಾ. "ಒಂದು ಮನಿಗಿ ಒಬ್ಬರು ಕೂತ್ರ ಸಾಕು."

"ಬಿದ್ದು ಸಾಯ್ತೀ ಒಂದಿನ."

"ಕೂತು ಸಾಯೋದಕ್ಕಿಂತ ಛಲೋ ಅದ."

ಅವ್ವ ನಡುವೆ ಬಾರದಿದ್ದರೆ ಅಣ್ಣತಮ್ಮಂದಿರು ಅಂದು ಊಟ ಮಾಡುತ್ತಿರಲಿಲ್ಲ. ಕೊನೆಗೆ ಒಂದು ಕರಾರಾಯಿತು. ಬರುವ ಮಂಗಳವಾರ ದೀಪ ಹಚ್ಚುವುದರೊಳಗೆ ಕಾಕಾ ತನ್ನ ಸೈಕಲ್ಲಿನ ಮೇಲೆಯೇ ಹೋಗಿ ಹನ್ನೊಂದೂ ಗಡಿಯಾರಕ್ಕೆ ಚಾವಿ ಕೊಟ್ಟು ಬರಬೇಕು. ಬಂದರೆ ಅಪ್ಪ ಇನ್ನು ಜನ್ಮದಲ್ಲಿ ಗಾದಿಯ ಮಾತೆತ್ತಬಾರದು.

"ಒಂದು ಗಡಿಯಾರ ನಿಂತ್ರೂ ಬುಧವಾರ ಬಂದು ಗಾದಿ ಮ್ಯಾಲ ಕೂಡಬೇಕು," ಎಂದ ಅಪ್ಪ.

"ಒಂದು ನಿಂತ್ರೂ," ಎಂದ ಕಾಕಾ.

ಶನಿವಾರಕ್ಕೆ ಹುಮನಾಬಾದಿನ ಕಡೆ ಹೋಗುವ ಎತ್ತಿನ ಗಾಡಿ ಸಿಕ್ಕಿತು. ಗಾಡಿಯಲ್ಲಿ ಕಾಕಾ, ಸೈಕಲ್ಲಿನ ಅಸ್ಥಿಪಂಜರ, ಮಡಿಲಲ್ಲಿ ಹಪ್ಪಳವಾದ ಗಾಲಿ ಇಟ್ಟುಕೊಂಡ ನಾನು. ದಾರಿಯಲ್ಲಿ ಕಂಡವರೆಲ್ಲ ಯಾರಿಗೆ ಏನಾಯಿತೆಂದು ಮೆಲ್ಲಗೆ ಕೇಳುತ್ತಿದ್ದರು.

ಹುಮನಾಬಾದಿನ ಬಜಾರಿನಲ್ಲಿ ಬೇವಿನ ಮರದ ಕೆಳಗೆ ಖಾಸಿಂ ಮಿಸ್ತ್ರಿಯ ಅಂಗಡಿ. ಮರದ ತುಂಬ ಮೊಳೆ, ಮೊಳೆಗೊಂದು ಗಾಲಿ. ಕಾಕಾನ ಸೈಕಲ್ಲನ್ನು ಮೊದಲಿನಿಂದ ನೋಡಿಕೊಂಡು ಬಂದವನು ಅವನೇ. ಗೇರನ್ನು ಕೈಯಲ್ಲಿ ತೂಗಿ ನೋಡಿ ಗಡ್ಡ ಕೆರೆದುಕೊಂಡ.

"ಗಾಲಿ ಬೇಕಾದಷ್ಟವ ಭಾಯಿ. ಈ ಗೇರಿಗಿ ಒಪ್ಪೋ ಗಾಲಿ ಸಿಗೋದು ಮುಷ್ಕಿಲ್ ಅದ. ಲಗ್ನ ಮಾಡಿದಂಗ ಇದು. ಚೂಡಿಗಿ ಚೂಡಿ ಕೂಡಬೇಕು, ಹಲ್ಲಿಗಿ ಚೈನು ಒಪ್ಪಬೇಕು."

ಚೂಡಿ ಎಂದರೆ ತಿರುಪಿನ ಗೀರು. ಗೇರಿನ ಒಳಗಡೆಯ ಗೀರೂ ಗಾಲಿಯ ತುಂಬಿನ ಮೇಲಿನ ಗೀರೂ ಒಂದೇ ಅಳತೆಯವಾದರೆ ಮಾತ್ರ ಗೇರು ಗಾಲಿಗೆ ಕೂರುತ್ತದೆ.

"ಗೋತ್ರ ನೋಡೋದಿಲ್ಲೇನು ಚಾಚಾ?" ಎಂದೆ ನಾನು.

"ನಿಮ್ಮಲ್ಲಿ ಗೋತ್ರ ಬ್ಯಾರೆ ಇರಬೇಕು. ಇಲ್ಲಿ ಒಂದೇ ಇರಬೇಕು. ಇಷ್ಟೇ ಫರಕು."

ಹೀಗೆ ಕನ್ಯಾಪರೀಕ್ಷೆ ಶುರುವಾಯಿತು. ತನ್ನ ಆಯುಷ್ಯದಲ್ಲಿ ಒಂದು ಹೆಣ್ಣನ್ನೂ ಒಪ್ಪದ, ಒಂದು ಹೆಣ್ಣಿನ ಕಡೆಯವರೂ ಒಪ್ಪದ ಕಾಕಾ ಅಂದು ಬೇವಿನ ನೆರಳಿನಲ್ಲಿ ಕಾಲು ಚಾಚಿ ಕೂತು ಗೇರಿನ ಪರವಾಗಿ ಸಂಬಂಧ ನೋಡಿದ. ಮೊದಲ ಗಾಲಿಗೆ ಗೇರು ಎರಡು ಸುತ್ತು ಹೋಗಿ ಗಂಟಲಲ್ಲಿ ಸಿಕ್ಕಿಕೊಂಡಿತು, ಗೀರು ದಪ್ಪ. ಎರಡನೆಯ ಗಾಲಿಗೆ ಆಗಲೇ ಒಂದು ಗೇರು ತುಕ್ಕು ಹಿಡಿದು ಅಂಟಿತ್ತು, ಅದಕ್ಕೆ ಇಪ್ಪತ್ತೆರಡು ಹಲ್ಲು. "ಹುಡುಗಿ ಭಾಳ ನಗ್ತಾಳ," ಎಂದು ಮಿಸ್ತ್ರಿಯೇ ಪಕ್ಕಕ್ಕಿಟ್ಟ. ಅಷ್ಟು ಹಲ್ಲಾದರೆ ಕಾಲು ಎಂಟು ಸುತ್ತಿನ ಬದಲು ಹತ್ತು ಸುತ್ತು ತಿರುಗಬೇಕು, ಗಾಡಿ ಹುಮನಾಬಾದು ದಾಟುವುದರೊಳಗೆ ಮಂಗಳವಾರವೇ ಬಂದುಬಿಡುತ್ತದೆ. ಮೂರನೆಯದನ್ನು ಮಿಸ್ತ್ರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಯಾರೋ ಎಂಜಿನಿಯರ್ ಸಾಹೇಬರ ಸೈಕಲ್ಲಿನದು, ವಿಲಾಯತಿ ಮಾಲು.

"ಇದರ ಹೊಟ್ಟ್ಯಾಗ ಮೂರು ಗೇರು ಅವ. ಏರಿಗೊಂದು, ಬಯಲಿಗೊಂದು, ಇಳಿಜಾರಿಗೊಂದು. ತಂತಿ ಎಳೆದ್ರ ಬದಲಾಗ್ತಾವ."

ಕಾಕಾ ಅದನ್ನು ಒಂದು ಸುತ್ತು ತಿರುಗಿಸಿ ನೋಡಿದ. "ಮೂವರ ಮಾತು ಕೇಳೋ ಗಾಡಿ ನನಗ ಬ್ಯಾಡ. ನಮ್ಮ ಮನ್ಯಾಗ ಅಣ್ಣ, ವೈನಿ, ಈ ಹುಡುಗ, ಆಗಲೇ ಮೂವರು ಅದಾರ."

ನಾಲ್ಕನೆಯದು ಒಪ್ಪಿತು. ನೆಟ್ಟಗಿನ ರಿಮ್ಮು, ಬಿಗಿಯಾದ ಕಡ್ಡಿ. ಮಿಸ್ತ್ರಿ ಅದರ ಫ್ರೀವೀಲು ಬಿಚ್ಚಿ ಕಾಕಾನ ಗಟ್ಟಿ ಗೇರು ತಿರುಗಿಸಿದ. ಬೆಣ್ಣೆಯೊಳಗೆ ಬೆರಳಿಟ್ಟಂತೆ ಹೋಗಿ ಕೂತಿತು. ಚೈನೂ ಒಪ್ಪಿತು. ಆದರೆ ಮಿಸ್ತ್ರಿಯ ಕೈ ಮತ್ತೆ ಗಡ್ಡಕ್ಕೆ ಹೋಯಿತು.

"ಒಂದು ಮಾತು ಹೇಳ್ತೀನಿ. ನಿನ್ನ ಹಳೇ ಗಾಲಿಗಿ ಗೇರಿನ ಹೊರಗ ಇನ್ನೊಂದು ಉಕ್ಕಿನ ಬಳಿ ಇತ್ತು, ಉಲ್ಟಾ ಚೂಡೀದು. ಗೇರು ಬಿಚ್ಚಲಾರದಂಗ ಹಿಡಿದಿತ್ತು. ಈ ಗಾಲಿ ಫ್ರೀವೀಲಿಗಿ ಮಾಡಿದ್ದು, ಬಳಿ ಹಾಕೋ ಜಾಗಾನೇ ಇಲ್ಲ. ಮುಂದಕ್ಕ ತುಳಿದ್ರ ಗೇರು ಬಿಗೀತದ. ಹಿಂದಕ್ಕ ಒತ್ತಿದ್ರ ಬಿಚ್ಚತದ."

"ನಾ ಜೀವನದಾಗ ಹಿಂದಕ್ಕ ಹೋದಾಂವ ಅಲ್ಲ," ಎಂದ ಕಾಕಾ. "ಹಾಕು."

ಮಿಸ್ತ್ರಿ ನನ್ನ ಮುಖ ನೋಡಿದ, ನಾನು ಮರ ನೋಡಿದೆ. ಸುತ್ತಿಗೆಯಿಂದ ನಾಲ್ಕು ಏಟು ಬಿಗಿದು ಕೊಟ್ಟ.

ಹುಮನಾಬಾದಿನ ಬಜಾರು ಸಪಾಟು. ಅಲ್ಲಿ ಕಾಕಾ ಮೂರು ಸುತ್ತು ಹಾಕಿ, ಎಡಗಾಲನ್ನು ಎಂದಿನಂತೆ ಚರ್ಮದ ಪಟ್ಟಿಯಿಂದ ಪೆಡಲಿಗೆ ಕಟ್ಟಿಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಕಲ್ಯಾಣದ ದಾರಿ ಹಿಡಿದ. ಎರಡು ಹರದಾರಿ ಸುಖವಾಗಿ ಹೋಯಿತು. ಆಮೇಲೆ ಒಂದು ಇಳಿಜಾರು ಬಂತು. ಕಾಲುಗಳು ಗಿರಗಿರ ಶುರುವಾದವು. ವೇಗ ಜಾಸ್ತಿಯಾಯಿತು. ಆಗ, ಜೀವನದಲ್ಲಿ ಹಿಂದಕ್ಕೆ ಹೋಗದ ಮನುಷ್ಯ ನಿಧಾನ ಮಾಡಲೆಂದು ಪೆಡಲನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದ.

ಕಟ್ ಎಂದಿತು. ಗೇರು ತಿರುಪು ಬಿಚ್ಚಿಕೊಂಡು ಹೊರಗೆ ಬಂತು, ಚೈನು ಜಾರಿತು. ಕಾಕಾನ ಕಾಲುಗಳು ನಿಂತೇಬಿಟ್ಟವು. ಗಾಡಿ ನಿಲ್ಲಲಿಲ್ಲ. ಹುಟ್ಟಿದಾರಭ್ಯ ಮೊದಲ ಸಲ ಕಾಕಾ ಫುಕಟ್ ಹೋಗುತ್ತಿದ್ದ.

"ಕಾಕಾ, ಬ್ರೇಕು," ಎಂದೆ.

"ಎಲ್ಲದಲೇ ಬ್ರೇಕು," ಎಂದ ಕಾಕಾ, ಬಹಳ ಸಮಾಧಾನದಿಂದ.

ರಸ್ತೆ ತಿರುಗಿತು, ನಾವು ತಿರುಗಲಿಲ್ಲ. ಹೊಲದಲ್ಲಿ ಒಟ್ಟಿದ್ದ ಜೋಳದ ಕಣಿಕೆಯ ಬಣವೆ ನಮ್ಮನ್ನು ನುಂಗಿಕೊಂಡಿತು. ಆಚೆ ಕಡೆ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಕೂಗಿದಳು: "ಏನು ಬಿತ್ರೀ ಅಲ್ಲಿ, ಎಮ್ಮೀನಾ?"

ಕಣಿಕೆಯೊಳಗಿನಿಂದ ಕಾಕಾನ ಉತ್ತರ ಬಂತು: "ಇಲ್ಲ ತಾಯಿ. ಎಮ್ಮಿ ಬಿದ್ದದ್ದು ಬುಧವಾರ."

ಭಾನುವಾರ ಬೆಳಿಗ್ಗೆ ಮತ್ತೆ ಬೇವಿನ ಮರದ ಕೆಳಗೆ. ಸೈಕಲ್ಲು ತಳ್ಳಿಕೊಂಡು ಮರಳಿ ಬಂದು ರಾತ್ರಿ ಹುಮನಾಬಾದಿನಲ್ಲೇ ದೂರದ ನೆಂಟರ ಮನೆಯಲ್ಲಿ ಮಲಗಿದ್ದೆವು, ನನ್ನ ಮೊಳಕೈ ತರಚಿತ್ತು, ಕಿವಿಯೊಳಗೆ ಇನ್ನೂ ಕಣಿಕೆಯ ಪುಡಿಯಿತ್ತು. ನನಗೆ ಸಿಟ್ಟು ನೆತ್ತಿಗೇರಿತ್ತು.

"ಕಾಕಾ, ಹಠ ಬಿಡು. ಆ ಗಾಲಿಗಿ ಅದರದೇ ಫ್ರೀವೀಲು ಹಾಕಿಸು, ಎರಡು ಬ್ರೇಕು ಹಾಕಿಸು, ಈಗಿಂದೀಗ ಹೊರಡು. ಹನ್ನೊಂದೂ ಗಡಿಯಾರ ಮುಗೀತಾವ. ಸಣ್ಣ ಸಣ್ಣ ಹುಡುಗರು ಹೊಡೀತಾರ, ನಿನಗೇನು ಧಾಡಿ?"

"ಫುಕಟ್ ಹೋಗಾಂವ ನಾ ಅಲ್ಲ."

"ನಿನ್ನೆ ಹೋದೆಲ್ಲ, ಬಣವಿ ತನಕ."

ಪಕ್ಕದ ಚಹಾದ ಅಂಗಡಿಯಲ್ಲಿ ಕೂತವರು ನಕ್ಕರು. ನಗು ಸಿಕ್ಕ ಮೇಲೆ ನನಗೆ ಬಾಯಿ ಕಟ್ಟುವುದು ಕಷ್ಟ. "ಬರಂಗಿಲ್ಲ ಅಂತ ಹೇಳಿಬಿಡು ಕಾಕಾ. ಧರ್ಮದ ಮಾತು ಯಾಕ?" ಎಂದೆ.

ಕಾಕಾನ ಕಿವಿ ಕೆಂಪಾಯಿತು. ಮಿಸ್ತ್ರಿ ಬೇಡವೆಂದು ಕೈ ಆಡಿಸಿದ. ಆದರೆ ಕಾಕಾ ಎದ್ದುಬಿಟ್ಟಿದ್ದ. ಮರಕ್ಕೆ ಒರಗಿಸಿದ್ದ ಫ್ರೀವೀಲಿನ ಸೈಕಲ್ಲೊಂದನ್ನು ಎಳೆದುಕೊಂಡ. ಕಟ್ಟೆಯ ಮೇಲೆ ಕಾಲೂರಿ ಹತ್ತಿ ಕೂತ. ಎಡಪಾದವನ್ನು ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟ. ಬಲಗಾಲಿನಿಂದ ಜೋರಾಗಿ ತುಳಿದ. ಸೈಕಲ್ಲು ನಾಲ್ಕು ಮಾರು ಮುಂದೆ ಹೋಯಿತು, ಟಿಕ್ ಟಿಕ್ ಎಂದಿತು, ನಿಧಾನವಾಯಿತು, ಮಗುಚಿತು. ಚಹಾದವರು ನಕ್ಕರು. ಎದ್ದು ಮತ್ತೆ ಹತ್ತಿದ. ನಾಲ್ಕು ಮಾರು, ಟಿಕ್ ಟಿಕ್, ಮಗುಚಿತು. ಮೂರನೆಯ ಸಲವೂ ಅಷ್ಟೇ. ಎದ್ದು ಧೋತರದ ಧೂಳು ಕೊಡವಿಕೊಂಡು, "ಗಾಡಿಯಾಗ ದಮ್ಮಿಲ್ಲ," ಎಂದು ಬಂದು ಕೂತ.

"ಏ ಕಲ್ಯಾಣದ ನಕಲೀ, ಕಾಕಾ ಹ್ಯಾಂಗ ಬಿದ್ದ ತೋರ್ಸು," ಎಂದು ಯಾರೋ ಕೂಗಿದರು. ನನ್ನ ಕೀರ್ತಿ ಹುಮನಾಬಾದಿಗೂ ಮುಟ್ಟಿತ್ತು. ಮುಟ್ಟಿದ್ದಕ್ಕೆ ನನಗೆ ಸಂತೋಷವೂ ಆಯಿತು, ನೋಡಿ ನನ್ನ ಯೋಗ್ಯತೆ.

ನಕಲು ಮಾಡುವವನಿಗೆ ಒಂದು ನಿಯತ್ತಿರುತ್ತದೆ. ಮಾಡಿದರೆ ಥೇಟ್ ಮಾಡಬೇಕು. ಹತ್ತಿ ಕೂತೆ. ಮುಖ ಗಂಭೀರ ಮಾಡಿದೆ. ಎಡಪಾದವನ್ನು ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟು, ಕಾಕಾನ ಕಾಲು ಜೋಲುವಂತೆಯೇ ನನ್ನ ಎಡಗಾಲನ್ನೂ ಜೋಲುಬಿಟ್ಟೆ. ಬಲಗಾಲಿನಿಂದ ತುಳಿದೆ. ಬಲಪೆಡಲು ಕೆಳಗೆ ಹೋಯಿತು. ಹೋದದ್ದು ಅಲ್ಲೇ ಉಳಿಯಿತು. ಅದು ಮೇಲೆ ಬರಬೇಕಾದರೆ ಎಡಗಾಲು ತುಳಿಯಬೇಕು. ನಾನು ಬಿಟ್ಟಿರುವ ಕಾಲು ತುಳಿಯುವುದಿಲ್ಲ. ಟಿಕ್ ಟಿಕ್ ಎಂದಿತು. ಗಾಲಿ ಮುಂದೆ ಹೋಗುತ್ತಿತ್ತು, ಪೆಡಲನ್ನು ಮಾತ್ರ ಎತ್ತಿ ಕೊಡುತ್ತಿರಲಿಲ್ಲ. ಕಾಕಾ ಬಿದ್ದ ಜಾಗದಲ್ಲೇ ನಾನೂ ಬಿದ್ದೆ.

ಜನ ನಕ್ಕರು. ನನಗೆ ನಗು ಬರಲಿಲ್ಲ.

ಗಟ್ಟಿ ಗೇರಿಗೆ ಅಷ್ಟು ವರ್ಷ ಕಾಕಾ ಯಾಕೆ ಜೋತುಬಿದ್ದಿದ್ದನೆಂದು ನೆಲದ ಮೇಲೆ ಬಿದ್ದುಕೊಂಡೇ ಗೊತ್ತಾಯಿತು. ಅವನ ಗಾಲಿ ತಿರುಗುತ್ತ ಪೆಡಲನ್ನೂ ತಿರುಗಿಸಿ, ಕಟ್ಟಿದ ಎಡಗಾಲನ್ನು ಮೇಲೆತ್ತಿ ದಾಟಿಸಿ, ಬಲಗಾಲಿಗೆ ಮತ್ತೆ ತುಳಿಯಲು ಜಾಗ ಮಾಡಿಕೊಡುತ್ತಿತ್ತು. ಒಂದೇ ಕಾಲಿನಿಂದ ಕಲ್ಯಾಣದಿಂದ ಕೊಡಂಬಲದವರೆಗೆ ಹೋಗಿ ಬರುವ ಮನುಷ್ಯ, ಇಳಿಜಾರಿನಲ್ಲಿ ಗಿರಗಿರ ತಿರುಗುವುದನ್ನು ಆ ಗಾಲಿಗೆ ಕೊಡುವ ಬಾಡಿಗೆಯೆಂದು ತಿಳಿದಿದ್ದ. ಅದನ್ನೇ ನಾನು ಬುಟ್ಟಿಯ ಮೇಲೆ ಕೂತು, ಎರಡೂ ಗಟ್ಟಿ ಕಾಲು ತಿರುಗಿಸಿ ಮಾಡಿ ತೋರಿಸುತ್ತಿದ್ದೆ.

ತಲೆ ಎತ್ತಿದೆ. ಕಾಕಾ ನನ್ನನ್ನೇ ನೋಡುತ್ತಿದ್ದ.

"ಇವತ್ತು ಬರೋಬರ್ ಮಾಡಿದಿ," ಎಂದ.

ಮಿಸ್ತ್ರಿ ಕಾಕಾನ ಸೈಕಲ್ಲಿನಿಂದ ನಾಲ್ಕನೆಯ ಗಾಲಿಯನ್ನು ಬಿಚ್ಚಿಕೊಂಡ. "ಗೇರಿಗೂ ಗಾಲಿಗೂ ಹಿತ್ತಾಳಿ ಬೆಸುಗಿ ಹಾಕಿಸ್ತೀನಿ. ಬಳಿ ಬ್ಯಾಡ, ಗಿಳಿ ಬ್ಯಾಡ. ಹಿಂದ ಒತ್ತು, ಮುಂದ ಒತ್ತು, ಯಾರಪ್ಪ ಬಂದ್ರೂ ಬಿಚ್ಚಂಗಿಲ್ಲ. ಆದ್ರ ತಿಳಕೋ ಭಾಯಿ, ಒಂದು ಸವೆದ್ರ ಎರಡೂ ಒಗೀಬೇಕಾಗ್ತದ."

"ಹಂಗೇ ಆಗಲಿ," ಎಂದ ಕಾಕಾ.

ಬೆಸುಗೆ ಭಟ್ಟಿಯಿಂದ ಬಂದದ್ದು ಸೋಮವಾರ ಮಧ್ಯಾಹ್ನಕ್ಕೆ. ಎಂದಿನ ಸೋಮವಾರವಾಗಿದ್ದರೆ ಕಾಕಾ ಅಷ್ಟು ಹೊತ್ತಿಗೆ ಕಲ್ಯಾಣ ಮುಗಿಸಿ ಹೊರಟಿರುತ್ತಿದ್ದ. ಈಗ ಲೆಕ್ಕ ತಿರುವುಮುರುವು: ಮೊದಲು ಹುಮನಾಬಾದು, ಕೊಡಂಬಲ, ಮಂಗಳವಾರ ಘಾಟಬೋರಾಳ, ಮಂಠಾಳ, ಕಟ್ಟಕಡೆಗೆ ಕಲ್ಯಾಣ. ಹೋದ ವಾರ ಎಲ್ಲಕ್ಕಿಂತ ಮೊದಲು ಚಾವಿ ತಿಂದ ಗಡಿಯಾರ ನಮ್ಮ ಅಂಗಡಿಯದು, ಅದರ ಎಂಟು ದಿನ ಮಂಗಳವಾರ ಬೆಳಿಗ್ಗೆಗೇ ತೀರುತ್ತಿತ್ತು. ಇನ್ನು ಎಳೆದಷ್ಟು ಹೊತ್ತು.

"ಅಂಗಡಿ ಚಾವಿ ಒಂದು ನನಗ ಕೊಡು ಕಾಕಾ. ಮೊದಲ ಹೋಗಿ ತಿರುವಿ ಬಿಡ್ತೀನಿ."

"ಅದು ನಿನ್ನ ಕೈ ಗುರ್ತು ಹಿಡಿಯಂಗಿಲ್ಲ."

"ನಿನ್ನ ಕೈ ಹ್ಯಾಂಗೋ ಹಂಗೇ ಮಾಡ್ತೀನಿ."

"ನೀ ಹಂಗೇ ಮಾಡ್ತೀ. ಕರಾರು ನಾ ಮಾಡೀನಿ," ಎಂದು ಪಟ್ಟಿ ಬಿಗಿದುಕೊಂಡು ಹೊರಟೇಹೋದ.

ನಾನು ಮಂಗಳವಾರ ಮಧ್ಯಾಹ್ನ ಎತ್ತಿನ ಗಾಡಿಯಲ್ಲಿ ಊರು ಸೇರಿದೆ. ಅಂಗಡಿಯಲ್ಲಿ ಅಪ್ಪ ಜೋಳ ಅಳೆಯುತ್ತಿದ್ದ. ಗಡಿಯಾರ ಮೂರು ಗಂಟೆ ಬಾರಿಸಿತು, ಮೂರನೆಯದು ಅರ್ಧಕ್ಕೇ ನುಂಗಿಕೊಂಡಿತು. ಮೂರು ನಲವತ್ತಕ್ಕೆ ಲೋಲಕ ಸಣ್ಣದಾಗಿ ತೂಗತೊಡಗಿತು. ನಾನು ನೋಡಿದೆ. ಅಪ್ಪನೂ ನೋಡಿದ. ಗೆದ್ದವರ ಮುಖ ಹೇಗಿರುತ್ತದೋ ನೋಡೋಣ, ಮುಂದೆ ನಕಲು ಮಾಡಲು ಬರುತ್ತದೆಂದು ನಾನು ಅಪ್ಪನನ್ನೇ ದಿಟ್ಟಿಸಿದೆ.

ಅಪ್ಪ ಸೇರು ಕೆಳಗಿಟ್ಟ. ಸ್ಟೂಲು ಎಳೆದು ಹತ್ತಿ, ಗಾಜು ತೆರೆದು, ಲೋಲಕವನ್ನು ಒಂದು ಬೆರಳಿನಿಂದ ದೂಡಿ ಇಳಿದ.

"ಧೂಳು ಕೂತಿತ್ತು," ಎಂದ.

ಸ್ವಲ್ಪ ಹೊತ್ತಿಗೆ ಅದು ಮತ್ತೆ ನಿಲ್ಲಲು ಬಂತು. ಅಪ್ಪ ಮತ್ತೆ ಹತ್ತಿದ. ಈ ಸಲ ಜೇಡ ಇತ್ತಂತೆ. ನಾಲ್ಕನೆಯ ಸಲ ಹತ್ತಿದವನು ಇಳಿಯಲೇ ಇಲ್ಲ. ಜೋಳಕ್ಕೆ ಬಂದಿದ್ದ ಕುಂಬಾರ ಓಣಿಯ ಮುದುಕಿ ಬುಟ್ಟಿ ಹಿಡಿದು ನಿಂತೇ ಇದ್ದಳು.

"ಅಣ್ಣಾರ, ನನ್ನ ಜ್ವಾಳ?"

"ಜರಾ ತಡಿ ಅಮ್ಮ. ಗಡಿಯಾರ ನಡಿಯಾಕತ್ತದ."

ಲೋಲಕ ತೂಗುತ್ತಿತ್ತು, ಮುಳ್ಳು ಮೂರು ನಲವತ್ತರ ಮೇಲೆಯೇ ಕೂತಿತ್ತು. ಹೊರಗೆ ದನಗಳು ಮನೆಗೆ ಬಂದವು. ಹೊತ್ತು ಮುಳುಗಿ ಮಗ್ರಿಬಿನ ಆಜಾನ್ ಆಯಿತು. ಎದುರಿನ ಅಂಗಡಿಗಳಲ್ಲಿ ಒಂದೊಂದೇ ಕಂದೀಲು ಬೆಳಗಿದವು. ನಾನು ನಮ್ಮ ಕಂದೀಲಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ," ಎಂದ ಅಪ್ಪ ಮೇಲಿನಿಂದ. "ದೀಪ ಹಚ್ಚೋ ಹೊತ್ತು ಇನ್ನೂ ಆಗಿಲ್ಲ."

ಅಪ್ಪನ ಮುಖ ನನಗೆ ಕಾಣುತ್ತಿರಲಿಲ್ಲ. ಅಷ್ಟು ಕತ್ತಲಾಗಿತ್ತು.

ಆಮೇಲೆ ಹೊರಗೆ ಗೋಡೆಗೆ ಸೈಕಲ್ಲು ಒರಗಿದ ಸದ್ದಾಯಿತು. ಕಾಕಾ ಕಾಲೆಳೆಯುತ್ತ ಒಳಗೆ ಬಂದ. ಕತ್ತಲಲ್ಲಿ ಕೂತ ನನ್ನನ್ನು, ಬುಟ್ಟಿ ಹಿಡಿದ ಮುದುಕಿಯನ್ನು, ಸ್ಟೂಲಿನ ಮೇಲೆ ಗಡಿಯಾರದೊಳಗೆ ಬೆರಳಿಟ್ಟು ನಿಂತ ಅಣ್ಣನನ್ನು ನೋಡಿದ.

"ಎಷ್ಟಾತಣ್ಣಾ ಟೈಮು?"

"ಮೂರು ನಲವತ್ತು," ಎಂದ ಅಪ್ಪ. "ಕಾಣಂಗಿಲ್ಲೇನು? ಹತ್ತು ಮುಗಿಸಿದಿ?"

"ಹತ್ತೂ ನಡಿಯಾಕತ್ತಾವ."

"ಇದೂ ನಡಿಯಾಕತ್ತದ. ಲಗೂನ ಬಾ."

ಅಪ್ಪ ಇಳಿದ. ಕಾಕಾ ಸೊಂಟದ ಕರಿದಾರ ಬಿಚ್ಚಿ, ಸ್ಟೂಲಿನ ಮೇಲೆ ಬಲಗಾಲಿಟ್ಟು ಗೋಡೆ ಹಿಡಿದು ಏರಿದ. ಎಡಗಾಲು ಎಂದಿನಂತೆ ಕೆಳಗೆ ಉಳಿಯಿತು. ಪ್ರತಿ ಸೋಮವಾರ ಅದನ್ನು ಅವನು ಎಳೆದುಕೊಳ್ಳುವಾಗ ನಾವೆಲ್ಲ ಬೇರೆ ಕಡೆ ನೋಡುವುದು ನಮ್ಮ ಮನೆಯ ರೂಢಿ. ಅಂದು ಅಪ್ಪ ಬಗ್ಗಿದ. ತಮ್ಮನ ಎಡಹಿಮ್ಮಡಿಯನ್ನು ಅಂಗೈಯಲ್ಲಿ ತೆಗೆದುಕೊಂಡು ಮೇಲಕ್ಕೆತ್ತಿ ಸ್ಟೂಲಿನ ಮೇಲಿಟ್ಟ. ಇಟ್ಟ ಕೈ ತೆಗೆಯಲಿಲ್ಲ. ಮೇಲೆ ಚಾವಿ ಕರ್ರ್ ಕರ್ರ್ ಎಂದು ತಿರುಗತೊಡಗಿತು.

"ಹೇಳಮ್ಮ," ಎಂದ ಅಪ್ಪ ಬಗ್ಗಿಕೊಂಡೇ ಮುದುಕಿಗೆ, "ಎಷ್ಟು ಸೇರು ಅಂದಿದ್ದಿ?"